ಸ್ಟೇಷನ್ ಮಾಸ್ತರನ ತ್ರಿಕೋನ

“ಸರ್, ಯಾವ ಗ್ರಾಫಿಕ್ಸ್ ಲೈಬ್ರರಿ ಹಿಡಿಯಲಿ?”

ಕೇಳಿದವಳು ದಾನೇಶ್ವರಿ. ಕೇಳಿದ್ದು ಅಂದಾನಪ್ಪನವರನ್ನು. ಅವರು ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಬಂದವರಿಗೆ ಕೋಡ್ ಬರೆಯುವುದನ್ನು ಕಲಿಸುತ್ತಿದ್ದರು. ದಾನೇಶ್ವರಿ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂರುವವಳು. ಹವ್ಯಾಸಕ್ಕೆಂದು ಒಂದು ಕಂಪ್ಯೂಟರ್ ಆಟ ಮಾಡಲು ಹೊರಟಿದ್ದಳು. ಹೊರಟು ಒಂದು ವರ್ಷವಾಗಿತ್ತು.

ಅವಳ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಒಂಬತ್ತು ಲೈಬ್ರರಿಗಳ ಹೆಸರು ಬರೆದಿದ್ದಳು. ಪರದೆಯ ಮೇಲೆ ಚಿತ್ರ ಮೂಡಿಸುವ ಕೋಡನ್ನು ಯಾರೋ ಮೊದಲೇ ಬರೆದು ಕಟ್ಟಿಟ್ಟ ಗಂಟಿಗೆ ಗ್ರಾಫಿಕ್ಸ್ ಲೈಬ್ರರಿ ಎನ್ನುತ್ತಾರೆ. ಒಂದೊಂದರ ಗುಣವನ್ನು ಹಸಿರು ಪೆನ್ನಿನಲ್ಲಿ, ದೋಷವನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದಳು. ಯಾರಿಗಾಗಿ ಆಟ ಮಾಡುತ್ತೀ ಎಂದು ಅಂದಾನಪ್ಪನವರು ಕೇಳಿದರು. ಬೀದರಿನಲ್ಲಿರುವ ಅಕ್ಕನಿಗಾಗಿ ಎಂದಳು. ಈಚೆಗೆ ಫೋನ್ ಮಾಡಿದರೆ ಊಟವಾಯಿತೇ ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತು ಉಳಿಯುತ್ತಿಲ್ಲ, ಒಟ್ಟಿಗೆ ಏನಾದರೂ ಆಡಿದರೆ ಮತ್ತೆ ಮಾತು ಬಂದೀತು ಎಂದಳು. ಅದಿರಲಿ ಸರ್, ಮೊದಲು ಲೈಬ್ರರಿ ಹೇಳಿ, ತಪ್ಪು ಆರಿಸಿಬಿಟ್ಟರೆ ಎಲ್ಲಾ ಮೊದಲಿನಿಂದ ಬರೆಯಬೇಕಾಗುತ್ತದೆ ಎಂದಳು.

ಅಂದಾನಪ್ಪನವರಿಗೆ ಸಿಟ್ಟು ಬೇಗ ಬರುತ್ತದೆ. ಅವತ್ತು ಸಿಟ್ಟು ಮಾಡಲಿಲ್ಲ. ನೋಟ್‌ಬುಕ್ ತೆಗೆದುಕೊಂಡು ಒಂಬತ್ತೂ ಹೆಸರು ಓದಿದರು. ಮುಚ್ಚಿ ಪಕ್ಕಕ್ಕಿಟ್ಟರು. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದು ಶುರುಮಾಡಿದರು.

ಒಂದು ಸಣ್ಣ ರೈಲ್ವೆ ಸ್ಟೇಷನ್ ಇತ್ತು, ತಾಯಿ. ದಿನಕ್ಕೆ ಎರಡು ಗಾಡಿ ನಿಲ್ಲುತ್ತಿದ್ದವು. ಉಳಿದವು ನಿಲ್ಲದೆ ಹೋಗುತ್ತಿದ್ದವು. ಹೆಸರು ಊರಿನದು, ಆದರೆ ಊರು ಅಲ್ಲಿಂದ ನಾಲ್ಕು ಮೈಲಿ. ಅಲ್ಲಿ ಒಬ್ಬ ಸ್ಟೇಷನ್ ಮಾಸ್ತರನಿದ್ದ. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವುದಕ್ಕೂ ಅಲ್ಲಿ ಜನರಿರಲಿಲ್ಲ. ಬಾವುಟ ತೋರಿಸುವುದು, ಗಾಡಿ ಹೋದ ಹೊತ್ತು ಬರೆದಿಡುವುದು, ಮುಂದಿನ ಸ್ಟೇಷನ್ನಿಗೆ ತಿಳಿಸುವುದು, ಡ್ಯೂಟಿ ಮುಗಿದ ಮೇಲೆ ಕ್ವಾರ್ಟರ್ಸಿಗೆ ಹೋಗಿ ಒಬ್ಬನಿಗೆ ಅನ್ನ ಮಾಡಿಕೊಳ್ಳುವುದು. ಅವನ ದಿನ ಇಷ್ಟೇ.

ಅಲ್ಲಿಯೇ ಒಬ್ಬ ಕೀಮನ್ ಇದ್ದ. ಕೀಮನ್ ಎಂದರೆ ಬೆಳಗಾದರೆ ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು ಹಳಿಯ ಗುಂಟ ನಡೆಯುವವನು. ಹಳಿಯನ್ನು ಹಿಡಿದಿಟ್ಟ ಕೀಲಿ ಎಲ್ಲಾದರೂ ಸಡಿಲವಾಗಿದ್ದರೆ ಬಡಿದು ಬಿಗಿ ಮಾಡುವವನು. ವಯಸ್ಸಿನಲ್ಲಿ ಮಾಸ್ತರನಿಗಿಂತ ಹದಿನೈದು ವರ್ಷ ದೊಡ್ಡವನು, ಕೆಲಸದಲ್ಲಿ ಕೆಳಗಿನವನು. ಹೆಂಡತಿ ತೀರಿಹೋಗಿದ್ದಳು. ಇದ್ದೊಬ್ಬ ಮಗಳನ್ನು ದೂರದ ಊರಿಗೆ ಕೊಟ್ಟಿದ್ದ. ಅವನಿಗೂ ಸಂಜೆಯಾದರೆ ಮಾತಿಗೆ ಯಾರೂ ಇಲ್ಲ.

ಇಬ್ಬರಿಗೂ ಹುಲಿ-ಕುರಿ ಆಟ ಬರುತ್ತಿತ್ತು. ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಸೀಮೆಸುಣ್ಣದಿಂದ ಪಟ ಬರೆಯುತ್ತಿದ್ದರು. ಆ ಕಡೆ ಪಟ ಬರೆಯುವ ಕ್ರಮ ಹೀಗೆ. ಮೊದಲು ಒಂದು ದೊಡ್ಡ ತ್ರಿಕೋನ. ಅದರ ತುದಿಯಿಂದ ಬುಡಕ್ಕೆ ಎರಡು ಗೆರೆ. ಅಡ್ಡಕ್ಕೆ ಮೂರು ಗೆರೆ, ತ್ರಿಕೋನ ದಾಟಿ ಆಚೀಚೆ ಸ್ವಲ್ಪ ಚಾಚಿರಬೇಕು. ಚಾಚಿದ ತುದಿಗಳನ್ನು ಕೂಡಿಸಲು ಈ ಕಡೆ ಒಂದು, ಆ ಕಡೆ ಒಂದು. ತ್ರಿಕೋನ ಬಿಟ್ಟರೆ ಏಳೇ ಗೆರೆ. ಹಳಿಯ ಪಕ್ಕದ ಮೂರು ಜಲ್ಲಿ ಕಲ್ಲು ಹುಲಿ, ಹದಿನೈದು ಹುಣಸೆ ಬೀಜ ಕುರಿ. ಹುಲಿ ಕುರಿಯ ಮೇಲೆ ಹಾರಿದರೆ ಕುರಿ ಸತ್ತಿತು. ಕುರಿಗಳೆಲ್ಲ ಒಟ್ಟಾಗಿ ಹುಲಿಗೆ ಅಲ್ಲಾಡಲು ಜಾಗವಿಲ್ಲದಂತೆ ಮಾಡಿದರೆ ಹುಲಿ ಸೋತಿತು.

ಕೀಮನ್ ಯಾವಾಗಲೂ ಕುರಿ ಹಿಡಿಯುತ್ತಿದ್ದ. ಹಾರಲು ಬುದ್ಧಿ ಬೇಡ, ಒತ್ತಿ ನಿಲ್ಲಲು ಬೇಕು ಎನ್ನುತ್ತಿದ್ದ. ಉಳಿದ ಹೊತ್ತಿನಲ್ಲಿ ಸಾಹೇಬರೇ ಎಂದು ಎದ್ದು ನಿಲ್ಲುವವನು ಆಟಕ್ಕೆ ಕೂತರೆ ಮಾಸ್ತರನನ್ನು ಹೀಗಳೆಯುತ್ತಿದ್ದ, ಸೋಲಿಸಿ ನಗುತ್ತಿದ್ದ. ಮಾಸ್ತರನಿಗೂ ಅದೇ ಬೇಕಾಗಿತ್ತು. ಹನ್ನೊಂದು ವರ್ಷ ಹೀಗೆ ಆಡಿದರು. ಆಡುವಾಗ ತಮ್ಮ ಕಷ್ಟಸುಖವನ್ನೇನೂ ಹೇಳಿಕೊಳ್ಳಲಿಲ್ಲ. ಅದರ ಅಗತ್ಯ ಇಬ್ಬರಿಗೂ ಕಾಣಲಿಲ್ಲ.

ಕೀಮನ್‌ಗೆ ಅರವತ್ತು ತುಂಬಿತು. ನಿವೃತ್ತನಾದ. ಮಗಳು ಬಂದು ಕರೆದುಕೊಂಡು ಹೋದಳು. ಅವಳ ಊರಿಗೆ ಎರಡು ಗಾಡಿ ಬದಲಿಸಿ ಒಂದು ದಿನದ ಪ್ರಯಾಣ. ಹೊರಡುವಾಗ ಅವನು ಮಾಸ್ತರನಿಗೆ ಒಂದು ಮಾತು ಹೇಳಿದ. ಸಾಹೇಬರೇ, ನೀವು ಕಂಪ್ಯೂಟರ್ ಬಲ್ಲವರು, ನಾನು ಅಲ್ಲಿಂದ ನೀವು ಇಲ್ಲಿಂದ ಆಡುವ ಹಾಗೆ ಫೋನಿನಲ್ಲಿ ನಮ್ಮ ಪಟ ಒಂದು ಮಾಡಿಬಿಡಿ ಎಂದ. ಅದೇನು ಮಹಾ, ತಿಂಗಳೊಳಗೆ ಮಾಡಿ ಕಳಿಸುತ್ತೇನೆ ಎಂದ ಮಾಸ್ತರ. ಬಾಯಿಮಾತಿಗೆ ಹೇಳಿದ್ದಲ್ಲ. ಕೋಡ್ ಬರೆಯುವುದನ್ನು ಅವನು ತಾನಾಗಿಯೇ ಕಲಿತಿದ್ದ, ಚೆನ್ನಾಗಿಯೇ ಕಲಿತಿದ್ದ.

ಅಂದು ಸಂಜೆಯೇ ಒಂದು ಲೈಬ್ರರಿ ಹಿಡಿದ. ಸರಳವಾದದ್ದು. ಯಾವ ಗ್ರಾಫಿಕ್ಸ್ ಲೈಬ್ರರಿ ಹಿಡಿದರೂ ಮೊದಲ ಪಾಠ ಒಂದೇ ಎಂಬುದು ನಿನಗೆ ಗೊತ್ತಿದೆ. ಪರದೆಯ ಮೇಲೆ ಒಂದು ತ್ರಿಕೋನ ಮೂಡಿಸಬೇಕು. ಮೂಡಿದರೆ ಲೈಬ್ರರಿ ಕೈಗೆ ಹತ್ತಿತು ಎಂದು ಅರ್ಥ. ಮಾಸ್ತರನಿಗೆ ಮೂರು ದಿನದಲ್ಲಿ ಮೂಡಿತು. ಕೆಂಪು ತ್ರಿಕೋನ. ಅದರ ಚಿತ್ರವನ್ನು ಕೀಮನ್‌ನ ಫೋನಿಗೆ ಕಳಿಸಿದ. ಕೀಮನ್ ಆಗಲೇ ಫೋನ್ ಮಾಡಿದ.

“ಇದು ನಮ್ಮ ಪಟವೇ ಅಲ್ಲವೇ ಸಾಹೇಬರೇ? ಇನ್ನು ಏಳು ಗೆರೆ ಎಳೆದುಬಿಡಿ. ಕುರಿ ನನ್ನವು.”

“ಇದು ಬರೀ ಪಾಠದ ತ್ರಿಕೋನ. ಪಟ ಮುಂದೆ ಬರುತ್ತದೆ. ಸ್ವಲ್ಪ ತಡೆಯಿರಿ” ಎಂದ ಮಾಸ್ತರ.

ತಡೆಯಿರಿ ಎಂದವನು ಗೆರೆ ಎಳೆಯಲು ಕೂರಬೇಕಿತ್ತು. ಕೂರಲಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಚಾವಡಿ ಇತ್ತು. ಅವನ ಹಾಗೆಯೇ ಹವ್ಯಾಸಕ್ಕೆ ಆಟ ಮಾಡುವವರು ಅಲ್ಲಿ ಸೇರುತ್ತಿದ್ದರು. ತಾನು ಇಂಥ ಲೈಬ್ರರಿ ಹಿಡಿದಿದ್ದೇನೆ ಎಂದು ಅಲ್ಲಿ ಬರೆದ. ಒಬ್ಬ ಬಂದು, ಅಯ್ಯೋ, ಅದರಲ್ಲಿ ನೆರಳು ಬೀಳಿಸಲು ಬರುವುದಿಲ್ಲವಲ್ಲ ಎಂದ. ಮಾಸ್ತರ ಯೋಚಿಸಿದ. ಹುಲಿ ಎಂದ ಮೇಲೆ ನೆರಳು ಬೇಡವೇ? ಹನ್ನೊಂದು ವರ್ಷ ಜಲ್ಲಿ ಕಲ್ಲನ್ನು ಹುಲಿ ಎಂದು ಆಡಿದವನಿಗೆ ಈಗ ನೆರಳು ಬೇಕಾಯಿತು.

ಎರಡನೆಯದನ್ನು ಹಿಡಿದ. ಅದರಲ್ಲಿ ನೆರಳು ಇತ್ತು, ಉಬ್ಬುತಗ್ಗು ಇತ್ತು. ಕಲಿಯಲು ಐದು ತಿಂಗಳು ಹಿಡಿಯಿತು. ಒಂದು ತ್ರಿಕೋನ ಮೂಡಿತು, ಕೆಳಗೆ ಅದರ ನೆರಳು ಬಿತ್ತು. ಚಿತ್ರ ಕಳಿಸಿದ. ಕೀಮನ್ ನೋಡಿ ಬಲು ಚೆನ್ನಾಗಿದೆ ಎಂದ, ಗೆರೆ ಯಾವಾಗ ಎಂದು ಕೇಳಿದ. ಬರುತ್ತದೆ ಎಂದ ಮಾಸ್ತರ. ಅಷ್ಟರಲ್ಲಿ ಚಾವಡಿಯಲ್ಲಿ ಇನ್ನೊಬ್ಬ, ಆ ಲೈಬ್ರರಿಯನ್ನು ನೋಡಿಕೊಳ್ಳುವವರು ಬಿಟ್ಟುಹೋಗುತ್ತಿದ್ದಾರೆ, ಎರಡು ವರ್ಷದಲ್ಲಿ ಅದು ಸತ್ತಂತೆ ಎಂದು ಬರೆದಿದ್ದ. ಸಾಯುವುದರ ಮೇಲೆ ಆಟ ಕಟ್ಟುವುದು ಹೇಗೆ ಎಂದು ಮಾಸ್ತರ ಮೂರನೆಯದಕ್ಕೆ ಹೋದ. ಅದು ಹೊಸದು. ಎಲ್ಲರ ಬಾಯಲ್ಲೂ ಅದೇ ಇತ್ತು. ಅದರಲ್ಲಿ ತ್ರಿಕೋನದ ಒಂದು ಮೂಲೆ ಕೆಂಪು, ಒಂದು ಹಸಿರು, ಒಂದು ನೀಲಿ, ನಡುವೆ ಮೂರೂ ಕಲೆತ ಬಣ್ಣ. ಅದನ್ನೂ ಕಳಿಸಿದ.

ನಾಲ್ಕನೆಯದು ಬಲ್ಲವರು ಹಿಡಿಯುವಂಥದ್ದು. ಒಂದು ತ್ರಿಕೋನಕ್ಕೆ ಒಂಬೈನೂರು ಸಾಲು ಕೋಡ್ ಬರೆಯಬೇಕು. ಎಲ್ಲವನ್ನೂ ನಾವೇ ಹೇಳಬೇಕು, ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಮಾಸ್ತರ ಒಂಬೈನೂರೂ ಸಾಲು ಬರೆದ. ಅದಕ್ಕೆ ಎಂಟು ತಿಂಗಳು ಹೋಯಿತು. ತ್ರಿಕೋನ ಮೂಡಿದ ದಿನ ಅವನ ಕಣ್ಣಲ್ಲಿ ನೀರು ಬಂತು. ಚಾವಡಿಯಲ್ಲಿ ನಲವತ್ತು ಜನ ಭೇಷ್ ಎಂದರು. ಕೀಮನ್‌ಗೆ ಕಳಿಸಿದ. ಅದು ಮೊದಲು ಬಂದ ಕೆಂಪು ತ್ರಿಕೋನದ ಹಾಗೆಯೇ ಕಾಣುತ್ತಿತ್ತು. ಕೀಮನ್ ಪಾಪ, ಇದೂ ಚೆನ್ನಾಗಿದೆ ಸಾಹೇಬರೇ ಎಂದ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಅಂಥವರನ್ನು ಕಂಡರೆ ನಗುತ್ತೇವೆ. ಈತನನ್ನು ನೋಡಿ ನನಗೆ ನಗು ಬರುವುದಿಲ್ಲ. ಯಾಕೆ ಹೇಳುತ್ತೇನೆ. ಕೀಮನ್ ಹೋದ ಮೇಲೆ ಆ ಕಲ್ಲು ಬೆಂಚಿನ ಹತ್ತಿರ ಹೋಗಲು ಅವನಿಗೆ ಆಗುತ್ತಿರಲಿಲ್ಲ. ಸಂಜೆಯ ಗಾಡಿ ಹೋದ ಮೇಲೆ ಆ ಜಾಗ ಬಿಕೋ ಎನ್ನುತ್ತಿತ್ತು. ಚಾವಡಿಯಲ್ಲಿ ಜನರಿದ್ದರು. ಯಾವುದು ಮೇಲು ಯಾವುದು ಕೀಳು ಎಂದು ವಾದ ಮಾಡಲು ಅವನನ್ನು ಕರೆಯುತ್ತಿದ್ದರು. ಆರಿಸುತ್ತ ಇರುವಷ್ಟು ದಿನ ಅವರ ಜೊತೆಯಲ್ಲಿ ಅವನಿಗೊಂದು ಜಾಗವಿತ್ತು. ಆರಿಸಿ ಮುಗಿದರೆ ಎದ್ದು ಬರಬೇಕು, ಒಬ್ಬನೇ ಕೂತು ಗೆರೆ ಎಳೆಯಬೇಕು. ಅದಕ್ಕೆ ಅವನಿಗೆ ಹೆದರಿಕೆ. ಹೀಗೆಂದು ಅವನಿಗೇ ಗೊತ್ತಿರಲಿಲ್ಲ. ಒಂಟಿಯಾದವನು ಮಾಡುವ ತಪ್ಪು ಒಂಟಿಯಾದವನಿಗೆ ಕಾಣುವುದಿಲ್ಲ.

ಐದನೆಯದು ಯಾವ ಫೋನಿನಲ್ಲಾದರೂ ಓಡುವಂಥದ್ದು. ಅದರಲ್ಲಿ ತ್ರಿಕೋನ ತಿರುಗುತ್ತಿತ್ತು. ಅಲ್ಲಿಗೆ ಮೂರು ವರ್ಷವಾಗಿತ್ತು. ಇಷ್ಟು ಬದಲಿಸಿದ ಮೇಲೆ ಅವನಿಗೆ ಒಂದು ಜಾಣತನ ಹೊಳೆಯಿತು. ಇನ್ನು ಮುಂದೆ ಬದಲಿಸುವ ತಾಪತ್ರಯವೇ ಇರಬಾರದು, ಒಂದು ಪದರ ಕಟ್ಟುತ್ತೇನೆ ಎಂದುಕೊಂಡ. ಮೇಲೆ ಆಟ, ಕೆಳಗೆ ಲೈಬ್ರರಿ, ನಡುವೆ ಈ ಪದರ. ಕೆಳಗಿನ ಲೈಬ್ರರಿಯನ್ನು ನಾಳೆ ತೆಗೆದು ಬೇರೆಯದನ್ನು ಇಟ್ಟರೂ ಮೇಲಿನ ಆಟವನ್ನು ಮುಟ್ಟಬೇಕಾಗಿಲ್ಲ. ಹೀಗೆ ಕಟ್ಟುವುದು ತಪ್ಪಲ್ಲ, ಅನುಭವಸ್ಥರೂ ಕಟ್ಟುತ್ತಾರೆ. ಆದರೆ ಅವರ ಕಡೆ ಮೇಲೆ ಆಟ ಇರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎನ್ನುತ್ತಾರಲ್ಲ, ಈತ ಯಾವ ಕೂಸಿನ ತಲೆಗಾದರೂ ಆಗುವ ಕುಲಾವಿ ಹೊಲಿಯಲು ಕೂತ. ಅದಕ್ಕೆ ಇನ್ನೊಂದು ವರ್ಷ.

ನೀನು ಕೇಳಬಹುದು, ಅವನು ರೈಲ್ವೆಯವನು, ಪಾಸ್ ಇತ್ತು, ಒಮ್ಮೆ ಗಾಡಿ ಹತ್ತಿ ಹೋಗಿ ಒಂದು ಆಟ ಆಡಿ ಬರಬಹುದಿತ್ತಲ್ಲ ಎಂದು. ಬರಬಹುದಿತ್ತು. ದಿನಾ ಗಾಡಿಗೆ ಬಾವುಟ ತೋರಿಸಿ ಕಳಿಸುತ್ತಿದ್ದವನು ಒಂದು ದಿನವೂ ಹತ್ತಲಿಲ್ಲ. ಮಾಡಿ ಕೊಡುತ್ತೇನೆ ಎಂದವನು ಬರಿಗೈಯಲ್ಲಿ ಹೋಗಿ ಯಾವ ಮುಖ ತೋರಿಸಲಿ ಎಂಬ ಸಂಕೋಚ. ಆ ಸಂಕೋಚದಲ್ಲಿ ನಾಲ್ಕು ವರ್ಷ ಕಳೆಯಿತು.

ಅತ್ತ ಕೀಮನ್‌ನ ಪಾಡು ಹೇಗಿತ್ತು? ಮಗಳು ಒಳ್ಳೆಯವಳು, ಅಳಿಯನೂ ಒಳ್ಳೆಯವನು. ಹೊತ್ತಿಗೆ ಊಟ ಹಾಕುತ್ತಿದ್ದರು. ಬೆಳಗಾದರೆ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಮೂವತ್ತೈದು ವರ್ಷ ಹಳಿಯ ಗುಂಟ ನಡೆದ ಮನುಷ್ಯ ಒಂದು ಕುರ್ಚಿಯಲ್ಲಿ ಕೂತ. ಆ ಊರಿನಲ್ಲಿ ಅವನ ಆಟ ಬಲ್ಲವರಿರಲಿಲ್ಲ. ಮಗಳು ಪಕ್ಕದ ಮನೆಯ ಯಜಮಾನರ ಜೊತೆ ಇಸ್ಪೀಟಾದರೂ ಆಡಪ್ಪ ಎಂದರೆ, ಬೇಡವ್ವ, ನಮ್ಮ ಸಾಹೇಬರು ಮಾಡುತ್ತಿದ್ದಾರೆ, ಇವತ್ತೋ ನಾಳೆಯೋ ಬರುತ್ತದೆ ಎನ್ನುತ್ತಿದ್ದ. ಭಾನುವಾರ ಮಾಸ್ತರನ ಫೋನ್ ಬರುವ ಹೊತ್ತಿಗೆ ಸ್ನಾನ ಮಾಡಿ ಕೂತಿರುತ್ತಿದ್ದ.

ನಾಲ್ಕನೆಯ ವರ್ಷ ಅವನು ಹೋದ ವಾರ ಕೇಳಿದ್ದನ್ನೇ ಈ ವಾರವೂ ಕೇಳತೊಡಗಿದ. ಗೆರೆ ಎಳೆದಿರಾ ಎಂದು ಕೇಳಿ, ಇನ್ನೂ ಇಲ್ಲ ಎಂದು ಉತ್ತರ ಬಂದ ಮೇಲೆ, ಐದು ನಿಮಿಷ ಬಿಟ್ಟು ಮತ್ತೆ ಗೆರೆ ಎಳೆದಿರಾ ಎನ್ನುತ್ತಿದ್ದ. ಅವಸರ ಮಾಡುತ್ತಿದ್ದಾನೆ ಎಂದು ಮಾಸ್ತರನಿಗೆ ಸಿಟ್ಟು ಬಂತು. ಇದು ಸೀಮೆಸುಣ್ಣದ ಕೆಲಸವಲ್ಲ, ನಿಮಗೆ ತಿಳಿಯುವುದಿಲ್ಲ ಎಂದು ಒಂದು ಸಲ ಗದರಿದ. ಕೀಮನ್ ಹೌದು ಹೌದು ಎಂದ. ಆಮೇಲಾಮೇಲೆ ಫೋನನ್ನು ಮಗಳೇ ಎತ್ತುತ್ತಿದ್ದಳು. ಅಪ್ಪ ಮಲಗಿದ್ದಾರೆ ಎನ್ನುತ್ತಿದ್ದಳು. ಹಗಲು ಹತ್ತು ಗಂಟೆಗೆ ಯಾಕೆ ಮಲಗಿದ್ದಾರೆ ಎಂದು ಮಾಸ್ತರ ಕೇಳಲಿಲ್ಲ. ಅವನ ತಲೆಯಲ್ಲಿ ಪದರ ತುಂಬಿತ್ತು.

ಒಂದು ದಿನ ಮಗಳೇ ಫೋನ್ ಮಾಡಿದಳು. ಅಪ್ಪನಿಗೆ ಮರೆವು ಹೆಚ್ಚಾಗುತ್ತಿದೆ, ವೈದ್ಯರು ಇದು ಹೀಗೆಯೇ ಏರುತ್ತ ಹೋಗುತ್ತದೆ ಎಂದಿದ್ದಾರೆ, ನಿಮ್ಮ ಆಟದ ಮಾತು ಮಾತ್ರ ಆಗಾಗ ಎತ್ತುತ್ತಾರೆ, ಆದಷ್ಟು ಬೇಗ ಕಳಿಸಿ ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರನಿಗೆ ಅನ್ನಿಸಿತು.

ಮಾಸ್ತರ ಆ ಹೊತ್ತೇ ಪದರವನ್ನು ಮುಚ್ಚಿಟ್ಟ. ಚಾವಡಿಯ ಕಡೆ ತಲೆ ಹಾಕಲಿಲ್ಲ. ಎಲ್ಲಕ್ಕಿಂತ ಮೊದಲು ಹಿಡಿದಿದ್ದ ಲೈಬ್ರರಿಯನ್ನು ತೆರೆದ. ನೆರಳಿಲ್ಲದ ಆ ಕೆಂಪು ತ್ರಿಕೋನ ಅಲ್ಲಿಯೇ ಇತ್ತು. ಏಳು ಗೆರೆ ಎಳೆದ. ಎಷ್ಟು ಹೊತ್ತಾಯಿತು ಗೊತ್ತೇ? ಅಕ್ಕಿ ತೊಳೆದು ಒಲೆಯ ಮೇಲಿಟ್ಟಿದ್ದ, ಅನ್ನ ಆಗುವಷ್ಟರಲ್ಲಿ ಪಟ ಆಗಿತ್ತು. ಹುಲಿಗೆ ಒಂದು ಹಳದಿ ಚುಕ್ಕಿ, ಕುರಿಗೆ ಒಂದು ಬಿಳಿ ಚುಕ್ಕಿ. ಹುಲಿ ಹಾರುವ ಕಟ್ಟಳೆ, ಹುಲಿಯನ್ನು ಕಟ್ಟಿಹಾಕುವ ಕಟ್ಟಳೆ, ಎರಡು ಫೋನಿನ ನಡುವೆ ಆಟ ಹೋಗಿಬರುವ ವ್ಯವಸ್ಥೆ, ಎಲ್ಲಾ ಸೇರಿ ಒಂಬತ್ತು ದಿನ. ಮುಗಿದಾಗ ಅವನಿಗೆ ಖುಷಿಯಾಗಲಿಲ್ಲ. ಒಂಬತ್ತು ದಿನದ ಕೆಲಸ ಎಂಬುದು ಅವನಿಗೆ ಆಗ ತಿಳಿಯಿತು.

ರಜೆ ಹಾಕಿ ಗಾಡಿ ಹತ್ತಿದ. ಎರಡು ಗಾಡಿ ಬದಲಿಸಿ ಆ ಊರು ಮುಟ್ಟಿದ. ಮನೆ ಹುಡುಕಿಕೊಂಡು ಹೋದ. ಮಗಳು ಬಾಗಿಲು ತೆಗೆದು ಒಳಗೆ ಕರೆದಳು. ಕೀಮನ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ತೊಳೆದ ಅಂಗಿ, ಬಾಚಿದ ತಲೆ. ಮಾಸ್ತರನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಯಾರು ಬಂದರೂ ಈಗ ಹೀಗೆಯೇ ಮಾಡುತ್ತಾರೆ ಎಂದು ಮಗಳು ಮೆಲ್ಲಗೆ ಹೇಳಿದಳು. ಅಪ್ಪ, ನಿನ್ನ ಸ್ಟೇಷನ್ ಮಾಸ್ತರು ಎಂದು ಕಿವಿಯ ಹತ್ತಿರ ಹೇಳಿದಳು. ಅವನು ಮಾಸ್ತರನ ಮುಖ ನೋಡಿದ, ಅಲ್ಲವೆಂದು ತಲೆಯಾಡಿಸಿದ, ಚಹಾ ಕೊಡು ಇವರಿಗೆ ಎಂದ.

ಮಾಸ್ತರ ಎದುರಿಗೆ ಕೂತ. ಫೋನ್ ತೆಗೆದು ಪಟ ತೋರಿಸಿದ. ಕೀಮನ್‌ನ ಕಣ್ಣು ಅರಳಿತು. ಮುಖ ಮರೆತಿದ್ದ, ಪಟ ಮರೆತಿರಲಿಲ್ಲ. ಒಂದೊಂದೇ ಗೆರೆಯ ಮೇಲೆ ಬೆರಳು ಓಡಿಸಿ ನೋಡಿದ. ಸರಿಯಾಗಿದೆ ಎಂದ. ಮಾಸ್ತರನಿಗೆ ಜೀವ ಬಂದಂತಾಯಿತು.

“ಆಡೋಣವೇ? ಕುರಿ ನೀವೇ ಹಿಡಿಯಿರಿ” ಎಂದ.

ಕೀಮನ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಜೋಪಾನವಾಗಿ ವಾಪಸು ಕೊಟ್ಟ.

“ಬೇಡ, ತಪ್ಪು ತಿಳಿಯಬೇಡಿ. ನಮ್ಮ ಸಾಹೇಬರು ನನಗೆಂದೇ ಒಂದು ಮಾಡುತ್ತಿದ್ದಾರೆ. ಅವರು ಅಲ್ಲಿ ಒಬ್ಬರೇ ಇದ್ದಾರೆ. ಅದು ಬರುವ ಮೊದಲು ನಾನು ಬೇರೆಯವರ ಜೊತೆ ಕೂತರೆ ಅವರು ನೊಂದುಕೊಳ್ಳುತ್ತಾರೆ.”

ನಾನೇ ಆ ಸಾಹೇಬ ಎಂದು ಮಾಸ್ತರ ಹೇಳಿದ. ಹೆಸರು ಹೇಳಿದ, ಸ್ಟೇಷನ್ ಹೇಳಿದ, ಹುಣಸೆ ಬೀಜ ಹೇಳಿದ. ಕೀಮನ್ ಎಲ್ಲವನ್ನೂ ಮರ್ಯಾದೆಯಿಂದ ಕೇಳಿದ. ನೀವು ಅವರನ್ನು ಬಲ್ಲಿರಾ, ಸಂತೋಷ ಎಂದ. ಮಾಸ್ತರನಿಗೆ ದುಃಖ ಉಕ್ಕಿ ಬಂತು, ಅಲ್ಲಿಯೇ ಅತ್ತ. ಎದುರಿಗೆ ಕೂತ ಅಪರಿಚಿತ ಯಾಕೆ ಅಳುತ್ತಿದ್ದಾನೆ ಎಂದು ಕೀಮನ್‌ಗೆ ತಿಳಿಯಲಿಲ್ಲ. ಸಮಾಧಾನ ಹೇಳಬೇಕಲ್ಲ ಎಂದು ತನಗೆ ಗೊತ್ತಿದ್ದ ಒಳ್ಳೆಯ ಸುದ್ದಿಯನ್ನು ಹೇಳಿದ. ಸಾಹೇಬರು ಸಾಮಾನು ಆರಿಸುತ್ತಿದ್ದಾರೆ, ಹೊತ್ತಾಗುತ್ತದೆ, ಕಳಪೆಯದನ್ನು ಅವರು ಮುಟ್ಟುವವರಲ್ಲ ಎಂದ.

ಮಾಸ್ತರ ಎರಡು ದಿನ ಅಲ್ಲಿ ಉಳಿದ. ಎರಡು ದಿನವೂ ಕೇಳಿದ. ಎರಡು ದಿನವೂ ಕೀಮನ್ ಕೈಮುಗಿದು ಬೇಡ ಎಂದ. ಮೂರನೆಯ ದಿನ ಮಾಸ್ತರ ಹೊರಟ. ಕೀಮನ್ ಬಾಗಿಲವರೆಗೆ ಬಂದು, ನಮ್ಮ ಸ್ಟೇಷನ್ನಿನ ಕಡೆ ಹೋದರೆ ಸಾಹೇಬರಿಗೆ ಹೇಳಿ, ಅವಸರವಿಲ್ಲ, ಸಾವಕಾಶವಾಗಿ ಮಾಡಲಿ, ನಾನು ಇಲ್ಲಿಯೇ ಇರುತ್ತೇನೆ ಎಂದ. ಮಾಸ್ತರ ಹೇಳುತ್ತೇನೆ ಎಂದ.

ಅಂದಾನಪ್ಪನವರು ಕತೆ ನಿಲ್ಲಿಸಿದರು. ಪಕ್ಕಕ್ಕಿಟ್ಟಿದ್ದ ನೋಟ್‌ಬುಕ್ ತೆಗೆದು ದಾನೇಶ್ವರಿಗೆ ವಾಪಸು ಕೊಟ್ಟರು. ಅವಳು ಅದನ್ನು ತೆಗೆದುಕೊಂಡಳು, ತೆರೆಯಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೇಳಿದಳು.

“ಹಾಗಾದರೆ ಸರ್, ಆ ಐದರಲ್ಲಿ ಮೊದಲನೆಯದೇ ಸರಿಯಾಗಿತ್ತು ಎಂದಾಯಿತೇ?”

“ಐದೂ ಸರಿಯಾಗಿದ್ದವು, ತಾಯಿ” ಎಂದರು ಅಂದಾನಪ್ಪನವರು.